ಹುಲಿಗೆ ಕೊಟ್ಟ ಮಾತು, ಚೀಟಿಗೆ ಕೊಟ್ಟ ಮಾತು



ಮೊನ್ನೆ ರಾತ್ರಿ ಮೊಮ್ಮಗಳನ್ನು ಮಲಗಿಸುತ್ತಾ ಗೋವಿನ ಹಾಡು ಹೇಳುತ್ತಿದ್ದೆ. ಹೊರಗೆ ನಮ್ಮ ಹೊನ್ನಾವರದ ಮಳೆ, ಒಳಗೆ ಕರೆಂಟಿಲ್ಲ. ಹಾಡು ಹೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇಕೇ? ಪುಣ್ಯಕೋಟಿ ಕರುವಿಗೆ ಹಾಲೂಡಿಸಿ, ಅದನ್ನು ಉಳಿದ ಹಸುಗಳ ಕೈಗೊಪ್ಪಿಸಿ, ಹುಲಿಯ ಗವಿಯ ಕಡೆ ಹೊರಟಿತು ಎನ್ನುವಲ್ಲಿಗೆ ಬಂದಾಗ ನನಗೆ ಯಾವಾಗಲೂ ಗಂಟಲು ಕಟ್ಟುತ್ತದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೋಡಿದರೆ ಆರು ವರ್ಷದ ಹುಡುಗಿ ಎದ್ದು ಕೂತಿದ್ದಾಳೆ!

"ಅಜ್ಜಿ, ಅದು ವಾಪಸ್ ಯಾಕೆ ಹೋಯ್ತು? ಮನೆಗೆ ಬಂದಾಗಿತ್ತಲ್ಲ. ಪೆದ್ದು ದನ!"

"ಮಾತು ಕೊಟ್ಟಿತ್ತಲ್ಲೇ ಪುಟ್ಟಿ."

"ಕೊಟ್ರೆ ಕೊಡ್ತು. ಈಗ ಹುಲಿ ಎದುರಿಗೆ ಇಲ್ವಲ್ಲ."

"ಮಾತು ಉಳಿಸಿಕೊಂಡವರಿಗೆ ಒಳ್ಳೇದೇ ಆಗ್ತದೆ. ನೋಡು, ಕೊನೆಗೆ ಹುಲಿಯೇ ಸತ್ತುಹೋಯ್ತು."

ಅವಳು ಒಂದು ಗಳಿಗೆ ಯೋಚಿಸಿದಳು. "ಹುಲಿ ಸಾಯ್ತದೆ ಅಂತ ದನಕ್ಕೆ ಮೊದಲೇ ಗೊತ್ತಿತ್ತಾ?"

ಗೊತ್ತಿರಲಿಲ್ಲ. ನಾನು ಸುಮ್ಮನಾದೆ. "ನಾಳೆ ಹೇಳ್ತೆ, ಈಗ ಮಲಕೋ" ಎಂದು ಚಾದರ ಎಳೆದೆ. ನಲವತ್ತು ವರ್ಷಗಳಿಂದ ಹೇಳಿಕೊಂಡು ಬಂದ ಹಾಡಿನಲ್ಲಿ ಇಂಥದೊಂದು ಪ್ರಶ್ನೆ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಅದೇ ವಾರ ಭಟ್ಕಳದ ಕಡೆಯ ಓದುಗ ತಂಗಿಯೊಬ್ಬಳ ಕಾಗದ ಬಂತು. ಹೆಸರು, ಊರು ಬೇಡವೆಂದಿದ್ದಾಳೆ. ಅವಳ ಕೇರಿಯ 12 ಹೆಂಗಸರು ಸೇರಿ ಚೀಟಿ ನಡೆಸುತ್ತಾರಂತೆ. ತಿಂಗಳಿಗೆ ತಲಾ 2,000 ರೂಪಾಯಿ. ಕೂಡಿದ 24,000 ತಿಂಗಳಿಗೊಬ್ಬರಿಗೆ. ಹರಾಜಿಲ್ಲ, ಕಮಿಷನ್ ಇಲ್ಲ, ಕಾಗದಪತ್ರವೂ ಇಲ್ಲ. ಮೂರನೆಯ ತಿಂಗಳು ಪಕ್ಕದ ಮನೆಯ ಅಕ್ಕನ ಸರದಿ. ಇವಳ ಮಗಳ ಕಾಲೇಜು ಫೀಸಿಗೆ ಆ ವಾರವೇ ಕೊನೆ ದಿನ. "ನೀ ತಕೋ ತಂಗಿ, ನನ್ನ ಹೊಲಿಗೆ ಮಿಷನ್ನು ಮತ್ತೆ ತಕಂಡ್ರೂ ಆಗ್ತದೆ" ಎಂದು ಆ ಅಕ್ಕ ತನ್ನ ಸರದಿ ಬಿಟ್ಟುಕೊಟ್ಟಳು. ಫೀಸು ಕಟ್ಟಿದ್ದಾಯಿತು, ಹುಡುಗಿ ಕಾಲೇಜಿಗೆ ಸೇರಿದ್ದೂ ಆಯಿತು.

ಈಗ ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿದೆ. ಬಾಡಿಗೆ ಮನೆ ಖಾಲಿ ಮಾಡಿ ಹೊರಟಿದ್ದಾರೆ. ಇನ್ನು 9 ಕಂತು, ಅಂದರೆ 18,000 ರೂಪಾಯಿ ಕಟ್ಟುವುದು ಬಾಕಿ. ಗಂಡ ಕೇಳುತ್ತಾನೆ: "ಸಹಿ ಹಾಕಿ ಕೊಟ್ಟಿದ್ದೀಯಾ? ಇಲ್ಲ. ಅವರು ಹುಬ್ಬಳ್ಳಿಗೆ ಹುಡುಕಿಕೊಂಡು ಬರ್ತಾರಾ? ಇಲ್ಲ. ನಾವು ತಿರುಗಿ ಈ ಊರಿಗೆ ಬರೋದುಂಟಾ? ಅದೂ ಇಲ್ಲ. ಮತ್ತೆ ಯಾಕೆ ಕಟ್ತೆ?"

"ಅಕ್ಕಾ, ಕಟ್ಟಬೇಕು ಅಂತ ಮನಸ್ಸು ಹೇಳ್ತದೆ. ಆದರೆ ಅವರ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ. ನಾನು ದಡ್ಡಿಯಾ?" ಎಂದು ಬರೆದಿದ್ದಾಳೆ.

ನೋಡಿದಿರಾ? ಮೊಮ್ಮಗಳು ಕೇಳಿದ್ದೂ ಇದನ್ನೇ. ಹುಲಿ ಎದುರಿಗಿಲ್ಲ, ದನ ಕೊಟ್ಟಿಗೆ ಸೇರಿಯಾಗಿದೆ. ಮತ್ತೆ ಯಾಕೆ ಹೋಗಬೇಕು?

ಇಂಥ ಪ್ರಶ್ನೆಗಳನ್ನೇ ಜೀವನವಿಡೀ ಯೋಚಿಸಿದವರೊಬ್ಬರಿದ್ದರು. ಇಂಗ್ಲೆಂಡಿನ ಡೆರೆಕ್ ಪಾರ್ಫಿಟ್ ಎಂಬ ತತ್ತ್ವಶಾಸ್ತ್ರಜ್ಞರು, 2017ರಲ್ಲಿ ತೀರಿಕೊಂಡರು. 1984ರಲ್ಲಿ ಬಂದ ಅವರ ದೊಡ್ಡ ಪುಸ್ತಕದಲ್ಲಿ ಒಂದು ಕಲ್ಪನೆ ಇದೆ. ಮಧ್ಯರಾತ್ರಿ, ಮರುಭೂಮಿ, ಒಬ್ಬನ ಕಾರು ಕೆಟ್ಟು ನಿಂತಿದೆ. ಆ ದಾರಿಯಲ್ಲಿ ಬಂದದ್ದು ಇನ್ನೊಂದೇ ಕಾರು. "ನನ್ನನ್ನು ಮನೆ ತಲುಪಿಸು, ಅಲ್ಲಿ ದೊಡ್ಡ ಬಹುಮಾನ ಕೊಡುತ್ತೇನೆ" ಎಂದು ಇವನು ಕೇಳುತ್ತಾನೆ. ಆದರೆ ಇವನಿಗೆ ಸುಳ್ಳು ಹೇಳಲು ಬಾರದು, ಮುಖ ಕೆಂಪಾಗುತ್ತದೆ, ದನಿ ನಡುಗುತ್ತದೆ. ಮೇಲಾಗಿ ಇವನು ತನಗೆ ಲಾಭವಿಲ್ಲದ ಕೆಲಸವನ್ನು ಎಂದೂ ಮಾಡದ ಮನುಷ್ಯ. ಮನೆ ತಲುಪಿದ ಮೇಲೆ ದುಡ್ಡು ಕೊಟ್ಟು ಏನು ಲಾಭ? ಕೊಡುವುದಿಲ್ಲ ಎಂದು ಅವನಿಗೇ ಗೊತ್ತು. ಅದು ಮುಖದಲ್ಲಿ ಕಾಣುತ್ತದೆ. ಕಾರಿನವನು ಬಿಟ್ಟುಹೋಗುತ್ತಾನೆ.

ಮರುಭೂಮಿ ನಮಗೆ ದೂರವಾಯಿತು. ನಮ್ಮ ಕಡೆಯದೇ ಒಂದು ಕಲ್ಪಿಸಿಕೊಳ್ಳೋಣ. ತದಡಿಯ ದಕ್ಕೆಯಲ್ಲಿ ನಿಂತಿದ್ದೀರಿ. ಹೊಳೆಯಾಚೆ ಕಾಣುವುದೇ ಅಘನಾಶಿನಿ ಊರು, ನಿಮ್ಮ ಮನೆ ಅಲ್ಲಿ. ಮಳೆಗಾಲದ ಸಂಜೆ, ಕತ್ತಲೆ ಕವಿಯುತ್ತಿದೆ. ಪರ್ಸು ಬಸ್ಸಿನಲ್ಲೇ ಹೋಯಿತು, ಫೋನೂ ಅದರೊಳಗೇ. ರಸ್ತೆಯಲ್ಲಿ ಹೋಗುವುದಾದರೆ ಮಿರ್ಜಾನ, ದಿವಗಿ, ಕುಮಟಾ ಎಂದು ಸುತ್ತಬೇಕು, ಅದಕ್ಕೂ ಕೈಯಲ್ಲಿ ಕಾಸಿಲ್ಲ. ಇರುವುದೊಂದೇ ದೋಣಿ. ಅಂಬಿಗ ಅದನ್ನು ಕಟ್ಟಿ ಮನೆಗೆ ಹೊರಟಿದ್ದಾನೆ. "ದಾಟಿಸು ಮಾರಾಯಾ, ನಾಳೆ 500 ರೂಪಾಯಿ ಕಳಿಸ್ತೆ" ಎನ್ನುತ್ತೀರಿ. ಅವನು ದೀಪ ಎತ್ತಿ ನಿಮ್ಮ ಮುಖ ನೋಡುತ್ತಾನೆ. ಸಾವಿರಾರು ಜನರನ್ನು ದಾಟಿಸಿದ ಕಣ್ಣು ಅದು. ಕೊಡುವವರು ಯಾರು, ಕೈಕೊಡುವವರು ಯಾರು ಎಂದು ಅದಕ್ಕೆ ಗೊತ್ತಾಗುತ್ತದೆ.

ಇಲ್ಲಿ ನಿಲ್ಲಿ. ಇಂಥದನ್ನು ಕೇಳಿದಾಗ ನಾವು ಹೆಂಗಸರು ಏನು ಮಾಡುತ್ತೇವೆ ಹೇಳಲೇ? "ಪರ್ಸು ಯಾಕೆ ಕಳಕೊಂಡ್ಲು?" ಎನ್ನುತ್ತೇವೆ. "ಯಾರಾದ್ರೂ ಪರಿಚಯದವರು ಸಿಗ್ತಿದ್ರಪ್ಪ" ಎನ್ನುತ್ತೇವೆ. ಒಟ್ಟಿನಲ್ಲಿ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತೇವೆ. ದಯವಿಟ್ಟು ಬೇಡ. "ಒಂದು ವೇಳೆ" ಎನ್ನುವ ಪ್ರಶ್ನೆ ಅಕ್ಕಿ ಕೇರುವ ಮೊರದ ಹಾಗೆ. ಜನ ಏನಂದಾರು, ಪೋಲೀಸು ಬಂದಾರು ಎನ್ನುವುದೆಲ್ಲ ಹೊಟ್ಟಾಗಿ ಹಾರಿಹೋಗಿ, ಕಾಳಿನಂಥ ವಿಷಯ ಒಂದೇ ಮೊರದಲ್ಲಿ ಉಳಿಯುತ್ತದೆ. ಅದನ್ನು ನೋಡಬೇಕು.

ಮನೆ ತಲುಪಿದ ಮರುದಿನ ಬೆಳಿಗ್ಗೆ ಲೆಕ್ಕ ಹಾಕುತ್ತೀರಿ. ದಾಟಿಯಾಯಿತು. 500 ಕಳಿಸಿದರೂ ಕಳಿಸದಿದ್ದರೂ ನಿನ್ನೆಯ ದಾಟುವಿಕೆ ಬದಲಾಗುವುದಿಲ್ಲ. ಕಳಿಸದಿದ್ದರೆ 500 ಉಳಿಯಿತು. ಈ ಲೆಕ್ಕದಲ್ಲಿ ಕೂಡಿದ್ದು ಕಳೆದದ್ದು ತಪ್ಪಿದೆಯೇ? ಇಲ್ಲ. ಭಟ್ಕಳದ ತಂಗಿಯ ಗಂಡನ ಲೆಕ್ಕವೂ ಇದೇ, ಅದರಲ್ಲೂ ಗುಣಾಕಾರದ ತಪ್ಪಿಲ್ಲ. ವಿದ್ವಾಂಸರಲ್ಲೂ ಕೆಲವರು ಈ ಲೆಕ್ಕವೇ ಸರಿ, ಆಗಿಹೋದದ್ದನ್ನು ಬಿಟ್ಟು ಮುಂದಿನದನ್ನು ಮಾತ್ರ ನೋಡಬೇಕು ಎನ್ನುತ್ತಾರೆ.

ಆದರೆ ಲೆಕ್ಕ ಶುರುಮಾಡಿದ ಹೊತ್ತು ತಪ್ಪು. ಅದು ಶುರುವಾಗಬೇಕಾದ್ದು ಬೆಳಿಗ್ಗೆ ಅಲ್ಲ, ಹಿಂದಿನ ಸಂಜೆ ದಕ್ಕೆಯ ಮೇಲೆ. ಅಂಬಿಗ ದೀಪ ಎತ್ತಿದಾಗ ನೋಡಿದ್ದೇನು? "ಬೆಳಿಗ್ಗೆ ಎದ್ದು ಈಕೆ ಹೇಗೆ ಲೆಕ್ಕ ಹಾಕುತ್ತಾಳೆ?" ಎನ್ನುವುದನ್ನೇ. ದಾಟಿಯಾಯಿತಲ್ಲ ಎಂದು ಲೆಕ್ಕ ಹಾಕುವ ಹೆಂಗಸನ್ನು ಅವನು ದಾಟಿಸುತ್ತಲೇ ಇರಲಿಲ್ಲ. ಅವಳು 500 ಉಳಿಸಿಕೊಂಡು ರಾತ್ರಿಯಿಡೀ ದಕ್ಕೆಯ ಮೇಲೆ ನೆನೆಯುತ್ತಿದ್ದಳು. ಕೊಡುವವಳು 500 ಕಳೆದುಕೊಂಡು ಮನೆಯಲ್ಲಿ ಬಿಸಿ ಗಂಜಿ ಉಂಡಳು. ಜಾಣೆ ಯಾರು, ನೀವೇ ಹೇಳಿ. ಸದಾ ತನ್ನ ಲಾಭವನ್ನೇ ನೋಡುವವನಿಗೆ ಆ ಗುಣವೇ ನಷ್ಟ ತರಬಹುದು ಎಂದು ಪಾರ್ಫಿಟ್ ಹೇಳಿದ್ದೂ ಇದನ್ನೇ.

ಈಗ ಪುಣ್ಯಕೋಟಿಗೆ ಬನ್ನಿ. ಹುಲಿಯೂ ಮೊದಲು ನಂಬಲಿಲ್ಲ, ಬಿಟ್ಟರೆ ನೀನು ಬರುವವಳಲ್ಲ ಎಂದೇ ಹೇಳಿತು. ಕೊನೆಗೆ ಬಿಟ್ಟದ್ದು ಆ ಹಸುವಿನ ಗುಣ ಕಂಡು. ಕೊಟ್ಟಿಗೆ ಸೇರಿದ ಮೇಲೆ ತಿರುಗಿ ಬಾರದ ಹಸುವಾಗಿದ್ದರೆ ಅದನ್ನು ಅಲ್ಲೇ ಮುರಿದು ತಿನ್ನುತ್ತಿತ್ತು. ಕರುವಿಗೆ ಆ ಕೊನೆಯ ಹಾಲೂ ಇಲ್ಲ, ನೋಡಿಕೊಳ್ಳಲು ಯಾರ ಕೈಗೂ ಒಪ್ಪಿಸಿದ್ದಿಲ್ಲ, ತಾಯಿ ಎಲ್ಲಿ ಹೋದಳೆಂದೂ ಗೊತ್ತಾಗುತ್ತಿರಲಿಲ್ಲ. ಪುಣ್ಯಕೋಟಿಗೆ ಸಿಕ್ಕ ಫಲ ಹುಲಿ ಸತ್ತದ್ದಲ್ಲ, ಅದು ಆಮೇಲೆ ತಾನಾಗಿ ಬಂದದ್ದು. ನಿಜವಾದ ಫಲ ಮನೆಗೆ ಹೋಗಿ ಕರುವಿಗೆ ಹಾಲೂಡಿಸುವ ಆ ಹೊತ್ತು. ಅದು ಮೊದಲೇ ಸಿಕ್ಕಿಯಾಗಿತ್ತು. ತಿರುಗಿ ಹೋದದ್ದು ಅದರ ಬೆಲೆ.

ಭಟ್ಕಳದ ತಂಗಿ, ನಿನಗೂ ಫಲ ಮೊದಲೇ ಸಿಕ್ಕಿದೆ. ಮೂರನೆಯ ತಿಂಗಳು ಆ ಅಕ್ಕ ದೀಪ ಎತ್ತಿ ನಿನ್ನ ಮುಖ ನೋಡಿದಳು. ಊರು ಬಿಟ್ಟರೆ ಕಟ್ಟುವುದಿಲ್ಲ ಎನ್ನುವ ಮುಖ ಕಂಡಿದ್ದರೆ ಸರದಿ ಬಿಟ್ಟುಕೊಡುತ್ತಿರಲಿಲ್ಲ, ನಿನ್ನ ಮಗಳ ಫೀಸೂ ಕಟ್ಟಿ ಆಗುತ್ತಿರಲಿಲ್ಲ. ನಿನ್ನ ಯಜಮಾನರು ಕೇಳಿದರೆ ಹೀಗೆ ಹೇಳು: "ನೀವು ಹೇಳೋ ಲೆಕ್ಕ ಹಾಕುವ ಹೆಂಗಸು ನಾನಾಗಿದ್ರೆ 18,000 ಉಳೀತಿರ್ಲಿಲ್ಲ, 24,000 ಬರ್ತಾನೇ ಇರ್ಲಿಲ್ಲ." ಒಂಬತ್ತು ಕಂತು ಹೊಸ ಖರ್ಚಲ್ಲ, ಮಗಳು ಕಾಲೇಜಿನಲ್ಲಿರುವುದರ ಬೆಲೆ. ಹುಬ್ಬಳ್ಳಿಯಿಂದ ಕಳಿಸಲು ಈಗ ಬಸ್ಸು ಹತ್ತಬೇಕೇ? ಫೋನಿನಲ್ಲೇ ಆಗುತ್ತದೆ.

ಹಾಗಾದರೆ ಕೊಟ್ಟ ಮಾತನ್ನೆಲ್ಲ ಉಳಿಸಿಕೊಳ್ಳಲೇಬೇಕೇ? ಇಲ್ಲಿ ಸ್ವಲ್ಪ ನಿಧಾನ. ಹೆಣ್ಣುಮಕ್ಕಳ ತಾಯಂದಿರು ಇದನ್ನು ಎರಡು ಸಲ ಓದಿ.

ಹೆದರಿಸಿ ಪಡೆದ ಮಾತು ಬೇರೆ. ಯಾರೋ ಒಬ್ಬ ಹುಡುಗಿಗೆ ತೊಂದರೆ ಕೊಡುತ್ತಾನೆ, ಆಮೇಲೆ "ಮನೆಯಲ್ಲಿ ಹೇಳುವುದಿಲ್ಲ ಅಂತ ಆಣೆ ಮಾಡು, ಬಿಡ್ತೇನೆ" ಎನ್ನುತ್ತಾನೆ. ಹುಡುಗಿ ಆಣೆ ಮಾಡುತ್ತಾಳೆ. ಮಾತು ಕೊಟ್ಟೆನಲ್ಲ ಎಂದು ಒಳಗೊಳಗೇ ಬೇಯುತ್ತಾಳೆ. ಆ ಮಾತು ಮುರಿಯಲೇಬೇಕು. ಯಾಕೆ ಎಂದರೆ ಅದೇ ಹಳೆಯ ಲೆಕ್ಕದಿಂದಲೇ ನೋಡಿ. ಅಂಬಿಗ ನಿಮ್ಮನ್ನು ಕಷ್ಟಕ್ಕೆ ನೂಕಿದವನಲ್ಲ, ಕಷ್ಟದಿಂದ ಎತ್ತಿದವನು. ನೀವು ಮಾತಿಗೆ ತಪ್ಪದವರಾದ್ದರಿಂದಲೇ ಅವನ ಸಹಾಯ ಸಿಕ್ಕಿತು. ಈ ನೀಚ ಮಾತ್ರ ಕಷ್ಟವನ್ನು ತಾನೇ ತಂದು, ಬಿಡುಗಡೆಯನ್ನು ಮಾರುತ್ತಾನೆ. ಅವನೂ ಮುಖ ನೋಡಿಯೇ ಆರಿಸುತ್ತಾನೆ, ಆದರೆ ಆರಿಸುವುದು ಬಾಯಿ ಬಿಡದವಳನ್ನು. ಹೇಳಿಬಿಡುವ ಹುಡುಗಿಯ ತಂಟೆಗೆ ಹೋಗಲು ಹಿಂದೆಮುಂದೆ ನೋಡುತ್ತಾನೆ. ಒಂದೇ ತರ್ಕ, ಅಲ್ಲಿ ಮಾತು ಉಳಿಸು ಎನ್ನುತ್ತದೆ, ಇಲ್ಲಿ ಮುರಿ ಎನ್ನುತ್ತದೆ. ಆರಿಸಿಕೊಂಡದ್ದು ಅವನ ತಪ್ಪು, ಹುಡುಗಿಯದು ಎಳ್ಳಷ್ಟೂ ಅಲ್ಲ ಎಂಬುದನ್ನೂ ಅವಳಿಗೆ ತಿಳಿಸಿ. "ಯಾರಾದರೂ ಹೇಳಬೇಡ ಅಂದರೆ ಮೊದಲು ನನಗೇ ಹೇಳು" ಎಂದು ಮಗಳಿಗೆ ಇವತ್ತೇ ಕಲಿಸಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಇನ್ನೊಂದು, ಮೇರೆಯಿಲ್ಲದ ಮಾತು. ದಶರಥ ಕೈಕೇಯಿಗೆ ಏನು ಎಂದು ಹೇಳದೆ ಎರಡು ವರ ಕೊಟ್ಟಿಟ್ಟ. ಆಮೇಲಿನ ಕಥೆ ನಮ್ಮ ಆಟ, ತಾಳಮದ್ದಲೆ ನೋಡಿ ಬೆಳೆದ ನಿಮಗೆ ನಾನು ಹೇಳಬೇಕಿಲ್ಲ. ಪುಣ್ಯಕೋಟಿಯ ಮಾತಿಗೆ ಮೇರೆ ಇತ್ತು: ಹಾಲೂಡಿಸಿ ಬರುತ್ತೇನೆ, ಅಷ್ಟೇ. "ನೀವು ಏನು ಕೇಳಿದರೂ ಮಾಡಿಕೊಡುತ್ತೇನೆ" ಎಂದು ನಾದಿನಿಗಾಗಲಿ ಗೆಳತಿಗಾಗಲಿ ಹೇಳಬೇಡಿ. ಯಾರದೋ ಸಾಲಕ್ಕೆ ಜಾಮೀನು ಸಹಿ ಹಾಕುವಾಗಲೂ ಎಷ್ಟು, ಎಲ್ಲಿಯವರೆಗೆ ಎಂದು ಕೇಳಿ ಹಾಕಿ.

ಮತ್ತೆ, ಮನಸ್ಸಿಲ್ಲದಿರುವುದು ಬೇರೆ, ಕೈಲಾಗದಿರುವುದು ಬೇರೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೋಟಿನ ದುಡಿಮೆ ನಂಬಿದ ಮನೆಯಲ್ಲಿ ಆಗ ಕಂತು ತಪ್ಪಿದರೆ ಅದು ಮೋಸವಲ್ಲ. ಆದರೆ ಕಂತಿನ ದಿನ ಬಾಗಿಲು ಹಾಕಿ ಒಳಗೆ ಕೂತರೆ ಮೋಸದಂತೆಯೇ ಕಾಣುತ್ತದೆ. ನಾಲ್ಕು ದಿನ ಮುಂಚೆಯೇ ಹೋಗಿ "ಈ ಎರಡು ತಿಂಗಳು ಅರ್ಧ ಕಟ್ತೆ, ಆಗಸ್ಟಿನ ಮೇಲೆ ಸೇರಿಸಿ ಕೊಡ್ತೆ" ಎಂದು ಬಾಯಿಬಿಟ್ಟು ಹೇಳಿ. ಅದೂ ಮಾತು ಉಳಿಸಿಕೊಳ್ಳುವುದರಲ್ಲೇ ಸೇರಿತು. ಇನ್ನೂ ಒಳ್ಳೆಯದೆಂದರೆ, ಚೀಟಿ ಶುರುಮಾಡುವ ದಿನವೇ "ಒಂದು ವೇಳೆ" ಎಂದು ಕೇಳಿಕೊಂಡು ಮಳೆಗಾಲದ ಕಂತು ಕಡಿಮೆ ಇಟ್ಟುಕೊಳ್ಳುವುದು.

ಚೀಟಿಯ ವಿಷಯ ಬಂದದ್ದಕ್ಕೆ ನಾಲ್ಕು ಕಿವಿಮಾತು:

1. ನಂಬಿಕೆಯ ಚೀಟಿಗೂ ಒಂದು ಪುಸ್ತಕ ಇಡಿ. ಯಾರು, ಎಷ್ಟು, ಯಾವ ದಿನ ಎಂದು ಬರೆದು ಎಲ್ಲರ ಸಹಿ ಹಾಕಿಸಿ. ಬರೆದಿಟ್ಟರೆ ನಂಬಿಕೆ ಕಡಿಮೆಯಾಗುವುದಿಲ್ಲ, ಜಗಳ ಕಡಿಮೆಯಾಗುತ್ತದೆ.

2. ಪರಿಚಯವಿಲ್ಲದವರು ನಡೆಸುವ ದೊಡ್ಡ ಚೀಟಿಯಾದರೆ ನೋಂದಣಿ ಆಗಿದೆಯೇ ಎಂದು ಕೇಳಿ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ, ಹಣ ಎತ್ತಿದವರು ಉಳಿದ ಕಂತುಗಳಿಗೆ ಭದ್ರತೆ ಒದಗಿಸಬೇಕು, ಇಲ್ಲವೇ ಆ ಮೊತ್ತವನ್ನು ಮೊದಲೇ ಮುರಿದುಕೊಳ್ಳಲು ಒಪ್ಪಬೇಕು. ಕಾನೂನು ಮಾಡಿದವರಿಗೂ ಹುಲಿಯ ಅನುಮಾನ ಇತ್ತು ನೋಡಿ! ಅಂಬಿಗನಂತೆ ಎಲ್ಲರ ಮುಖ ಓದಲು ಬರುವುದಿಲ್ಲವಲ್ಲ.

3. ಚೀಟಿ ನಡೆಸುವವರ ಕಮಿಷನ್ನಿಗೂ ಮಿತಿ ಇದೆ. ಮೊದಲು ಶೇಕಡಾ 5 ಇತ್ತು, 2019ರ ತಿದ್ದುಪಡಿಯಲ್ಲಿ ಶೇಕಡಾ 7 ಆಯಿತು. ಅದಕ್ಕಿಂತ ಹೆಚ್ಚು ಕೇಳಿದರೆ ದೂರವಿರಿ.

4. ಹತ್ತಿಪ್ಪತ್ತು ಹೆಂಗಸರು ಒಟ್ಟಾಗಬಹುದಾದರೆ ಸ್ವಸಹಾಯ ಸಂಘ ಮಾಡಿಕೊಳ್ಳಿ. ನಬಾರ್ಡ್ 1992ರಲ್ಲಿ ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರುಮಾಡಿತು. ಅದರ ಹಿಂದೆ ನಮ್ಮ ಕರ್ನಾಟಕದ ಮೈರಾಡ ಸಂಸ್ಥೆಯ ಅನುಭವವೂ ಇತ್ತು. ಚಿನ್ನ, ಜಮೀನು ಅಡವಿಡದೆ ಬ್ಯಾಂಕು ಸಾಲ ಕೊಡುವುದು ಯಾವುದರ ಮೇಲೆ? ಒಬ್ಬರನ್ನೊಬ್ಬರು ಬಲ್ಲ ಹೆಂಗಸರು ಕಂತು ತಪ್ಪಿಸಲಾರರು ಎನ್ನುವುದರ ಮೇಲೆ. ಅದೇ ಅವರ ಆಸ್ತಿ. ಒಬ್ಬಳು ಕೈಕೊಟ್ಟರೆ ಕರಗುವುದು ಉಳಿದವರ ಆಸ್ತಿ. ಭಟ್ಕಳದ ತಂಗಿಯ ಯಜಮಾನರು ಈ ಮಾತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. ನಾಳೆ ಇನ್ನೊಬ್ಬಳು ತಾಯಿ ಫೀಸಿಗೆ ಸರದಿ ಕೇಳಿದಾಗ ಆ ಅಕ್ಕ ಏನೆನ್ನಬೇಕು?

ಆ ಕಾಗದದ ಕೊನೆಯಲ್ಲಿ, ಹೆಸರು ಬರೆಯುವ ಜಾಗದಲ್ಲಿ, ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು: "ಈ ತಿಂಗಳಿನದು ಕಟ್ಟಿ ಬಂದೆ ಅಕ್ಕಾ. ಮನೆಯವರಿಗೆ ಇನ್ನೂ ಹೇಳಿಲ್ಲ." ದಡ್ಡಿಯಲ್ಲ ಮಾರಾಯ್ತಿ ನೀನು. ಇಂದು ರಾತ್ರಿ ಊಟಕ್ಕೆ ಬಡಿಸುತ್ತಾ ಯಜಮಾನರಿಗೂ ಹೇಳಿಬಿಡು. ಒಳ್ಳೆಯ ಕೆಲಸವನ್ನು ಕದ್ದು ಮಾಡಬೇಡ.

ಮೊಮ್ಮಗಳಿಗೂ ಮರುದಿನ ಹೇಳಿದೆ: "ತಿರುಗಿ ಬರೋ ದನ ಅಂತಲೇ ಹುಲಿ ಅದನ್ನ ಬಿಟ್ಟಿದ್ದು ಪುಟ್ಟಿ. ಬಾರದ ದನ ಆಗಿದ್ರೆ ಮನೆಗೇ ಬರ್ತಿರ್ಲಿಲ್ಲ." ಅವಳು ದೋಸೆ ಮುರಿಯುತ್ತಾ ಯೋಚಿಸಿದಳು. "ಹಾಗಾದ್ರೆ ಪೆದ್ದು ಅಲ್ಲ. ಆದ್ರೂ ಪಾಪ" ಎಂದಳು. ಹೌದು, ಆದರೂ ಪಾಪವೇ. ಬೆಲೆ ಸರಿಯಾದ್ದೇ ಎಂದಾಕ್ಷಣ ಕೊಡುವ ಕೈಗೆ ನೋವಾಗುವುದಿಲ್ಲವೇ?

ಮುಂದಿನ ಸಂಚಿಕೆಯವರೆಗೆ ನಿಮಗೊಂದು ಕೆಲಸ. ಇದು ಅಮೆರಿಕದ ವಿಲಿಯಂ ನ್ಯೂಕೋಂಬ್ ಎಂಬ ಭೌತವಿಜ್ಞಾನಿ ಹುಟ್ಟಿಸಿದ ಒಗಟು, 1969ರಲ್ಲಿ ರಾಬರ್ಟ್ ನೋಜಿಕ್ ಎಂಬುವರು ಅಚ್ಚು ಹಾಕಿಸಿದ್ದು. ನಾನು ನಮ್ಮ ಅಡುಗೆಮನೆಗೆ ಹೊಂದಿಸಿದ್ದೇನೆ. ನಿಮ್ಮ ಅತ್ತೆಗೆ ಜನರ ಮನಸ್ಸು ಓದುವುದರಲ್ಲಿ ತಪ್ಪಿದ್ದೇ ಇಲ್ಲ ಎನ್ನಿ. ಅವರು ಎರಡು ಡಬ್ಬಿ ಇಟ್ಟಿದ್ದಾರೆ. ತೆರೆದ ಡಬ್ಬಿಯಲ್ಲಿ 100 ರೂಪಾಯಿ ಕಾಣುತ್ತಿದೆ. ಮುಚ್ಚಿದ ಡಬ್ಬಿಯಲ್ಲಿ 10,000 ಇದೆ, ಇಲ್ಲವೇ ಏನೂ ಇಲ್ಲ. ನೀವು ಮುಚ್ಚಿದ್ದನ್ನಷ್ಟೇ ತೆಗೆಯುವವರು ಎಂದು ಅವರು ನಿನ್ನೆ ರಾತ್ರಿ ಊಹಿಸಿದ್ದರೆ 10,000 ಇಟ್ಟಿರುತ್ತಾರೆ, ಎರಡಕ್ಕೂ ಕೈಹಾಕುವವರು ಎಂದು ಊಹಿಸಿದ್ದರೆ ಖಾಲಿ. ಇಟ್ಟದ್ದು ನಿನ್ನೆ, ಇಂದು ಅದು ಬದಲಾಗುವುದಿಲ್ಲ. ಒಂದೇ ತೆಗೆಯುತ್ತೀರಾ, ಎರಡೂ ತೆಗೆಯುತ್ತೀರಾ? ಯಾಕೆ ಎಂದು ಒಂದು ಕಾರ್ಡಿನಲ್ಲಿ ಬರೆಯಿರಿ. "ನಮ್ಮತ್ತೆ 10,000 ಎಲ್ಲಿ ಇಡ್ತಾರೆ!" ಎಂದು ಮಾತ್ರ ಬರೆಯಬೇಡಿ. ಅದು ನನಗೂ ಗೊತ್ತು.

ನಿಮ್ಮ ಅಕ್ಕ